ಯಂತ್ರಕ್ಕೊಂದು ವ್ಯಾಕರಣ

ಭಾಷೆಯೊಂದನ್ನು ಅರಿಯಲು ಎರಡು ದಾರಿಗಳುಂಟು. ಬಲ್ಲವರು ಬರೆದಿಟ್ಟ ವ್ಯಾಕರಣವನ್ನೂ ನಿಘಂಟನ್ನೂ ಓದುವುದು ಒಂದು. ಅವೆರಡೂ ಇಲ್ಲದಾಗ, ಆಡುವವರ ಮಾತನ್ನು ಬಹುಕಾಲ ಆಲಿಸಿ, ಪ್ರಯೋಗಗಳನ್ನು ಹೋಲಿಸಿ ನೋಡಿ, ನಿಯಮಗಳನ್ನು ತಾವೇ ಕಂಡುಕೊಳ್ಳುವುದು ಇನ್ನೊಂದು. ನಾನು ಇಂದು ಹೇಳಹೊರಟಿರುವುದು ಈ ಎರಡನೆಯ ದಾರಿಯಲ್ಲಿ ನಡೆದವರ ಸಂಗತಿ. ಅವರು ಕಲಿತದ್ದು ಮನುಷ್ಯರ ಭಾಷೆಯನ್ನಲ್ಲ, ಗಣಕಯಂತ್ರದೊಳಗಿನ ಒಂದು ಫಲಕದ ಭಾಷೆಯನ್ನು.

ಆ ಫಲಕಕ್ಕೆ ಗ್ರಾಫಿಕ್ಸ್ ಕಾರ್ಡ್ ಎಂದು ಹೆಸರು. ತೆರೆಯ ಮೇಲೆ ಮೂಡುವ ಅಕ್ಷರ, ಚಿತ್ರ, ಚಲನೆಗಳನ್ನು ರೂಪಿಸುವುದು ಇದರ ಕೆಲಸ. ಆದರೆ ಅದು ಹೇಳಿದ್ದನ್ನಷ್ಟೇ ಮಾಡುತ್ತದೆ. ಅದರಲ್ಲಿ ಸಂಖ್ಯೆಗಳನ್ನು ಬರೆಯತಕ್ಕ ಸಾವಿರಾರು ಮನೆಗಳಿವೆ. ಅವನ್ನು ರಿಜಿಸ್ಟರ್‌ಗಳೆನ್ನುತ್ತಾರೆ. ಒಂದು ಮನೆಯಲ್ಲಿ ತಕ್ಕ ಸಂಖ್ಯೆಯನ್ನು ಬರೆದರೆ ತೆರೆ ಬೆಳಗೀತು, ಇನ್ನೊಂದರಲ್ಲಿ ಬರೆದರೆ ಬೀಸಣಿಗೆ ತಿರುಗೀತು. ಯಾವ ಮನೆಗೆ ಯಾವ ಅರ್ಥ ಎಂಬುದನ್ನು ಬಲ್ಲ ತಂತ್ರಾಂಶವೇ ಡ್ರೈವರ್.

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್, ಯಾರು ಬೇಕಾದರೂ ಓದಿ ತಿದ್ದಬಹುದಾದ ಕಾರ್ಯಾಚರಣ ವ್ಯವಸ್ಥೆ. ಅದಕ್ಕೆ ಎನ್ವಿಡಿಯಾ ಕಂಪನಿಯ ಕಾರ್ಡುಗಳಿಂದ ದೊಡ್ಡ ತೊಡಕಾಯಿತು. ಕಂಪನಿ ತನ್ನ ಡ್ರೈವರನ್ನು ಕೊಡುತ್ತಿತ್ತು, ಆದರೆ ಅದರ ಮೂಲಪಾಠವನ್ನಾಗಲಿ ಕಾರ್ಡಿನ ಕೈಪಿಡಿಯನ್ನಾಗಲಿ ಕೊಡುತ್ತಿರಲಿಲ್ಲ. ‘ಎನ್‌ವಿ’ ಎಂಬ ಒಂದು ತೆರೆದ ಡ್ರೈವರ್ ಇತ್ತು, ನಿಜ. ಅದು ಸಮತಲ ಚಿತ್ರಗಳಿಗಷ್ಟೇ ಸಾಕಾಗುವಂಥದು. ಅಲ್ಲದೆ ಅದರ ಪಾಠದಲ್ಲಿ ಹೆಸರುಗಳಿರಬೇಕಾದ ಕಡೆ ಬರಿಯ ಅಂಕೆಗಳಿದ್ದುವು. ಅದು ಓದಲು ತೆರೆದಿತ್ತು, ತಿಳಿಯಲು ಮುಚ್ಚಿತ್ತು.

೨೦೦೫-೦೬ರ ಸುಮಾರಿಗೆ ಸ್ಟೀಫನ್ ಮಾರ್ಶೆಸಾನ್ ಎಂಬವರು ಹೊಸ ಡ್ರೈವರೊಂದರ ಕೆಲಸಕ್ಕೆ ಕೈಹಾಕಿದರು. ಅದರ ಹೆಸರು ‘ನೂವೋ’. ಫ್ರೆಂಚಿನಲ್ಲಿ ‘ಹೊಸತು’ ಎಂದರ್ಥ. ಕೈಪಿಡಿಯಿಲ್ಲದೆ ಡ್ರೈವರ್ ಬರೆಯುವುದೆಂತು? ಕಂಪನಿಯ ಮುಚ್ಚಿದ ಡ್ರೈವರನ್ನೇ ಓಡಲು ಬಿಟ್ಟು, ಅದು ಕಾರ್ಡಿನ ಯಾವ ಮನೆಯಲ್ಲಿ ಯಾವ ಸಂಖ್ಯೆಯನ್ನು ಬರೆಯುತ್ತದೆ, ಯಾವುದನ್ನು ಓದುತ್ತದೆ ಎಂಬುದನ್ನು ಗುಟ್ಟಾಗಿ ದಾಖಲಿಸುವುದು ಒಂದು ಉಪಾಯ. ಈ ಕೆಲಸಕ್ಕೆಂದೇ ‘ಎಂಎಂಐಓಟ್ರೇಸ್’ ಎಂಬ ಸಾಧನವನ್ನು ಕಟ್ಟಿದರು. ಚಿಕ್ಕದೊಂದು ಚಿತ್ರವನ್ನು ಬಿಡಿಸಲು ಹೇಳಿ, ಅದಕ್ಕೆ ಮೊದಲು ಮತ್ತು ಆಮೇಲೆ ಸ್ಮೃತಿಕೋಶದಲ್ಲಿ ಏನು ಬದಲಾಯಿತೆಂದು ನೋಡುವುದು ಇನ್ನೊಂದು ಉಪಾಯ. ನಾನಾ ದೇಶದವರು ತಮ್ಮ ಮನೆಯ ಕಾರ್ಡುಗಳ ಮೇಲೆ ಈ ಪರೀಕ್ಷೆಯನ್ನು ನಡೆಸಿ ಫಲಿತಾಂಶವನ್ನು ಕಳುಹಿಸಿದರು. ಒಂದೇ ಗ್ರಂಥದ ಹಲವು ಓಲೆಪ್ರತಿಗಳು ಸಂಪಾದಕನ ಮೇಜಿಗೆ ಬಂದಂತೆ ಎನ್ನಬಹುದು.

ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ ಬಗೆ ಕೇಳುಗರಿಗೆ ನೆನಪಿರಬಹುದು. ಸಾಂಚಿಯ ಚಿಕ್ಕ ಚಿಕ್ಕ ಬರಹಗಳು ಬಹುಮಟ್ಟಿಗೆ ಒಂದೇ ಜೋಡಿ ಅಕ್ಷರಗಳಿಂದ ಮುಗಿಯುವುದನ್ನು ಕಂಡು, ಇವು ದಾನಿಗಳ ಬರಹಗಳಾಗಿರಬೇಕು, ಆ ಜೋಡಿ ‘ದಾನಂ’ ಆಗಿರಬೇಕು ಎಂದು ಆತ ಊಹಿಸಿದ. ನೂವೋದವರ ತರ್ಕವೂ ಅದೇ ಜಾತಿಯದು. ಒಂದು ವ್ಯತ್ಯಾಸವುಂಟು. ಶಾಸನ ತಪ್ಪು ಓದಿದವನನ್ನು ತಿದ್ದುವುದಿಲ್ಲ. ಕಾರ್ಡಿಗೆ ತಪ್ಪು ಸಂಖ್ಯೆ ಕೊಟ್ಟರೆ ಯಂತ್ರ ಆ ಕ್ಷಣವೇ ಸ್ತಬ್ಧವಾದೀತು.

೨೦೧೦ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ ೨.೬.೩೩ರಲ್ಲಿ ನೂವೋ ಸೇರಿಕೊಂಡಿತು. ಈ ಸೇರ್ಪಡೆಯ ಮಹತ್ವವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿನಕ್ಸಿನ ಒಳಕಟ್ಟು ಸದಾ ಬದಲಾಗುತ್ತಿರುತ್ತದೆ. ಒಳಗಿರುವ ಡ್ರೈವರನ್ನು, ಕಟ್ಟನ್ನು ಬದಲಿಸಿದವರೇ ಜೊತೆಯಲ್ಲಿ ಸರಿಪಡಿಸುತ್ತಾರೆ. ಹೊರಗಿನ ಮುಚ್ಚಿದ ಡ್ರೈವರನ್ನು ಕಂಪನಿಯೇ ಸರಿಪಡಿಸಬೇಕು. ಹಳೆಯ ಕಾರ್ಡು ಲಾಭದ ವಸ್ತುವಲ್ಲವೆಂದು ಕಂಪನಿ ಕೈಬಿಟ್ಟ ದಿನದಿಂದ, ಕೆಡದ ಕಾರ್ಡೂ ಮೆಲ್ಲನೆ ಕಸದ ಹಾದಿ ಹಿಡಿಯುತ್ತದೆ. ೨೦೧೨ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ಈ ಕಂಪನಿಯನ್ನು ಕುರಿತು ಆಡಿದ ಮಾತು ಆಕಾಶವಾಣಿಯಲ್ಲಿ ಹೇಳತಕ್ಕದ್ದಲ್ಲ.

೨೦೧೪ರ ಸೆಪ್ಟೆಂಬರಿನಲ್ಲಿ ಬಂದ ಎರಡನೆಯ ಮ್ಯಾಕ್ಸ್‌ವೆಲ್ ಪೀಳಿಗೆಯಿಂದ ಕೆಲಸ ಇನ್ನೂ ಕಠಿಣವಾಯಿತು. ಕಾರ್ಡಿನೊಳಗಿನ ಪುಟ್ಟ ಸಂಸ್ಕಾರಕಗಳು ಕಂಪನಿಯ ಮುದ್ರೆಯಿರುವ ಆದೇಶಗಳನ್ನು ಮಾತ್ರ ಒಪ್ಪತೊಡಗಿದುವು. ಭಾಷೆಯನ್ನು ಕಲಿತರೂ ರಾಜಮುದ್ರಿಕೆಯಿಲ್ಲದೆ ಮಾತು ನಡೆಯದು! ೨೦೧೨ರ ಕೆಪ್ಲರ್ ಕಾರ್ಡಾದರೆ, ‘ಪಿಸ್ಟೇಟ್’ ಎಂಬ ಕಡತದಲ್ಲಿ ಒಂದು ಸಂಕೇತವನ್ನು ಕೈಯಾರೆ ಬರೆದು ನೂವೋದಲ್ಲೂ ಅದರ ವೇಗವನ್ನು ಏರಿಸಬಹುದು. ಮುದ್ರೆಯ ಕಾಲದ ಕಾರ್ಡುಗಳು ನೂವೋದಡಿಯಲ್ಲಿ ಎಚ್ಚರಗೊಂಡಾಗಿನ ಮಂದಗತಿಯಲ್ಲೇ ಉಳಿದುವು.

೨೦೨೨ರ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರಿನ ಒಂದು ಭಾಗವನ್ನು ತೆರೆಯಿತು. ೨೦೧೮ರ ಟ್ಯೂರಿಂಗ್ ಮತ್ತು ಅದರ ಮುಂದಿನ ಪೀಳಿಗೆಗಳಿಗೆ ಮಾತ್ರ. ಇವುಗಳಲ್ಲಿ ವೇಗ, ವಿದ್ಯುತ್ತುಗಳ ಉಸ್ತುವಾರಿಯನ್ನು ಕಾರ್ಡಿನೊಳಗಿನ ಜಿಎಸ್‌ಪಿ ಎಂಬ ಸಂಸ್ಕಾರಕವೇ ವಹಿಸಬಲ್ಲದು. ೨೦೨೪ರ ಜನವರಿಯ ಲಿನಕ್ಸ್ ೬.೭ರಲ್ಲಿ ನೂವೋ ಅದರ ನೆರವನ್ನು ಪಡೆಯಿತು. ಅಂದಿನಿಂದ ಹೊಸ ಕಾರ್ಡುಗಳ ಬಾಳು ಹಸನಾಗಿದೆ.

ನಡುವಿನವು ಮಾತ್ರ ಅನಾಥ. ೨೦೧೬ರ ಪ್ಯಾಸ್ಕಲ್ ಕಾರ್ಡಿಗೆ ಮುದ್ರೆಯ ಕಟ್ಟುಂಟು, ಜಿಎಸ್‌ಪಿಯ ನೆರವಿಲ್ಲ. ೫೮೦ನೆಯ ಸಾಲಿನ ಡ್ರೈವರೇ ಅದಕ್ಕೆ ಕಡೆಯದೆಂದು ೨೦೨೫ರಲ್ಲಿ ಕಂಪನಿ ತಿಳಿಸಿತು. ಅಂಥ ಕಾರ್ಡುಳ್ಳವರು ಆ ಡ್ರೈವರಿಗೆ ಒಗ್ಗುವ, ದೀರ್ಘಕಾಲ ಪೋಷಿತವಾಗುವ ಲಿನಕ್ಸ್ ಆವೃತ್ತಿಯಲ್ಲೇ ನಿಲ್ಲಬಹುದು. ಅಥವಾ ನೂವೋದ ಮಂದಗತಿಯನ್ನು ಒಪ್ಪಿಕೊಳ್ಳಬಹುದು. ಆಟಗಳಿಗೆ ಆ ಗತಿ ಸಾಲದು. ಕಾಗದ ಬರೆಯಲು, ಪುಸ್ತಕ ಓದಲು ಧಾರಾಳವಾಗಿ ಸಾಕು.