‘ಪುನಶ್ಚ’: ಪದ್ಯದ ಮುಸುಗು ಸರಿಸಿದ ಬಂಗಾಳಿ ಕವಿತೆ

ಪತ್ರ ಮುಗಿಸಿ ಸಹಿ ಹಾಕಿದ ಮೇಲೆ ನೆನಪಾದುದನ್ನು ಕೆಳಗೆ ಸೇರಿಸುವಾಗ ಕನ್ನಡಿಗರು ‘ತಾ.ಕ.’ ಎಂದು ಬರೆಯುವಂತೆ ಬಂಗಾಳಿಗಳು ‘ಪುನಶ್ಚ’ ಎಂದು ಬರೆಯುತ್ತಾರೆ. ಎಪ್ಪತ್ತು ದಾಟಿದ್ದ ರವೀಂದ್ರನಾಥ ಠಾಕೂರರು 1932ರಲ್ಲಿ ಪ್ರಕಟವಾದ ತಮ್ಮ ಗದ್ಯಕವಿತೆಗಳ ಸಂಕಲನಕ್ಕೆ ಇದೇ ಹೆಸರನ್ನಿಟ್ಟರು. ಬಂಗಾಳಿಯ ಛಂದಸ್ಸುಗಳನ್ನೆಲ್ಲ ಪಳಗಿಸಿಕೊಂಡಿದ್ದ ಕವಿ ಆ ಛಂದಸ್ಸನ್ನೇ ಕಳಚಿಟ್ಟು ಬರೆದದ್ದು ತಾಜಾ ಕಲಮಿನಷ್ಟು ಸಣ್ಣ ಸಂಗತಿಯಲ್ಲವಾದ್ದರಿಂದ ಈ ಹೆಸರಿನಲ್ಲಿ ತುಸು ತುಂಟತನವೂ ಇದ್ದಿರಬಹುದು.

ಇದರ ಬೀಜವನ್ನು ಕವಿಯೇ ಮುನ್ನುಡಿಯಲ್ಲಿ ಗುರುತಿಸಿದ್ದಾರೆ. 1912ರಲ್ಲಿ ಪ್ರಕಟವಾದ ಇಂಗ್ಲಿಷ್ ‘ಗೀತಾಂಜಲಿ’ ಗದ್ಯದಲ್ಲಿದ್ದರೂ ಕಾವ್ಯವೆಂದೇ ಮನ್ನಣೆ ಪಡೆದಾಗ, ಬಂಗಾಳಿ ಗದ್ಯಕ್ಕೂ ಆ ರಸವನ್ನು ಹೊರುವ ಶಕ್ತಿಯಿದೆಯೇ ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿತು. ಛಂದಸ್ಸಿನ ಜಾದೂಗಾರನೆಂದು ಹೆಸರಾಗಿದ್ದ ಸತ್ಯೇಂದ್ರನಾಥ ದತ್ತರ ಮುಂದೆ ಅವರು ಈ ಪ್ರಯೋಗವನ್ನಿಟ್ಟರು. ದತ್ತರು ಒಪ್ಪಿದರು, ಆದರೆ ಬರೆಯಲಿಲ್ಲ. ಕೊನೆಗೆ ರವೀಂದ್ರರೇ ಕೈಹಾಕಿದ ಪ್ರಯತ್ನದ ಫಲಗಳು 1922ರ ‘ಲಿಪಿಕಾ’ದಲ್ಲಿವೆ. ಪಂಜರದ ಗಿಳಿಗೆ ವಿದ್ಯೆ ಕಲಿಸಹೊರಟು ಅದರ ಪ್ರಾಣವನ್ನೇ ತೆಗೆಯುವ ‘ತೋತಾಕಾಹಿನಿ’ಯಂಥ ವ್ಯಂಗ್ಯಕಥೆಗಳ ಜೊತೆಗೇ, ಕತೆಯೆನ್ನಲೂ ಪ್ರಬಂಧವೆನ್ನಲೂ ಬಾರದ ಕೆಲವು ಕಿರುಬರಹಗಳು ಆ ಪುಸ್ತಕದಲ್ಲಿ ಸೇರಿಕೊಂಡವು. ಅವನ್ನು ಪದ್ಯದಂತೆ ಸಾಲು ಮುರಿದು ಅಚ್ಚು ಹಾಕಿಸದಿದ್ದುದಕ್ಕೆ ತಮ್ಮ ಅಂಜಿಕೆಯೇ ಕಾರಣವಿರಬೇಕೆಂದು ಹತ್ತು ವರ್ಷಗಳ ಬಳಿಕ ಕವಿ ಒಪ್ಪಿಕೊಂಡರು.

ವಚನಗಳನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಈ ಅಂಜಿಕೆ ವಿಚಿತ್ರವೆನಿಸಬಹುದು. ಆದರೆ ಬಂಗಾಳಿ ಕಾವ್ಯದ ಬೆನ್ನೆಲುಬು ‘ಪಯಾರ’, ಅಂದರೆ ಎಂಟು ಮತ್ತು ಆರಾಗಿ ಒಡೆಯುವ ಹದಿನಾಲ್ಕು ಮಾತ್ರೆಗಳ ಸಾಲು. ಕೃತ್ತಿವಾಸನ ರಾಮಾಯಣ ಹರಿದು ಬಂದದ್ದು ಅದರಲ್ಲೇ. 1861ರಲ್ಲಿ ‘ಮೇಘನಾದವಧ ಕಾವ್ಯ’ದ ಮೂಲಕ ಪ್ರಾಸವನ್ನು ಕಿತ್ತೊಗೆದ ಮೈಕೇಲ್ ಮಧುಸೂದನ ದತ್ತರೂ ಆ ಹದಿನಾಲ್ಕರ ಲೆಕ್ಕವನ್ನು ಬಿಡಲಿಲ್ಲ. ರವೀಂದ್ರರು ದಾಟಬೇಕಾಗಿದ್ದುದು ಈ ಗೆರೆಯನ್ನು.

‘ಪುನಶ್ಚ’ದಲ್ಲಿ ಸಾಲುಗಳು ಮುರಿದವು ನಿಜ, ಆದರೂ ಸಂಕಲನದ ದಿಟವಾದ ಸಾಹಸವಿರುವುದು ಸಾಲಿನಲ್ಲಲ್ಲ, ಪದಗಳ ಆಯ್ಕೆಯಲ್ಲಿ. ‘ಮೋರ್’ (ನನ್ನ), ‘ಸನೆ’ (ಜೊತೆಗೆ), ‘ತರೆ’ (ಸಲುವಾಗಿ) ಮುಂತಾದವು ಪದ್ಯದಲ್ಲಷ್ಟೇ ಬಳಕೆಯಲ್ಲಿದ್ದ, ಮನೆಮಾತಿನಲ್ಲಿ ಯಾರೂ ಆಡದ ಶಬ್ದಗಳು. ಸಂಕಲನದಲ್ಲಿ ಪದ್ಯದ ಲಯವನ್ನು ಉಳಿಸಿಕೊಂಡ ಕೆಲವು ಪ್ರಾಸರಹಿತ ಕವಿತೆಗಳಿಂದಲೂ ಕವಿ ಇಂಥವನ್ನು ಹೊರಗಿಟ್ಟರು. ಛಂದಸ್ಸನ್ನು ಬಿಟ್ಟರೂ ಕಾವ್ಯಭಾಷೆಯ ಮುಸುಗು ಉಳಿದಿದ್ದರೆ ಗದ್ಯದ ಸ್ವಾತಂತ್ರ್ಯ ಅರ್ಧಕ್ಕೇ ನಿಲ್ಲುತ್ತಿತ್ತೆಂಬುದು ಅವರ ತಿಳಿವು.

ಭಾಷೆ ಇಳಿದುಬಂದಂತೆ ಜನರೂ ಒಳಗೆ ಬಂದರು. ‘ಸಾಧಾರಣ ಮೇಯೆ’ ಎಂಬ ಕವಿತೆಯ ಮಾಲತಿ, ವಿಲಾಯತಿಗೆ ಹೋದ ಪ್ರಿಯನಿಂದ ಉಪೇಕ್ಷೆಗೊಳಗಾದ ಹುಡುಗಿ. ಆಕೆ ಕಾದಂಬರಿಕಾರ ಶರತ್‌ಚಂದ್ರರನ್ನು ಉದ್ದೇಶಿಸಿ, ತನ್ನಂಥ ಸಾಮಾನ್ಯಳೊಬ್ಬಳು ಗೆಲ್ಲುವ ಕತೆಯನ್ನು ಬರೆಯಿರೆಂದು ಕೇಳಿಕೊಳ್ಳುತ್ತಾಳೆ. ಹಾಡಿಗೆ ಒಗ್ಗದ, ಮಾತಿಗೆ ಮಾತ್ರ ಒಗ್ಗುವ ಈ ಅಳಲಿಗೆ ಪ್ರಾಸ ಸೇರಿದ್ದರೆ ಅದು ಕೃತಕವಾಗುತ್ತಿತ್ತು. ಎಲ್ಲ ರಚನೆಗಳೂ ಇಷ್ಟು ಬಿಗಿಯಾಗಿಲ್ಲ. ಕೆಲವು ಸಡಿಲ ಕಥನಕ್ಕೆ ಜಾರುತ್ತವೆ. ಇದಾದ ಮೇಲೆ ‘ಶೇಷ ಸಪ್ತಕ’ (1935), ‘ಪತ್ರಪುಟ’ ಮತ್ತು ‘ಶ್ಯಾಮಲೀ’ (ಎರಡೂ 1936) ಇದೇ ದಾರಿಯಲ್ಲಿ ಬಂದವು.

ಸಂಕಲನವನ್ನು ತೆರೆಯುವ ಕವಿತೆಗೆ ಶಾಂತಿನಿಕೇತನದ ಬಳಿ ಹರಿಯುವ ‘ಕೋಪಾಯಿ’ ಎಂಬ ಸಣ್ಣ ನದಿಯ ಹೆಸರಿದೆ. ಯೌವನದಲ್ಲಿ ದೋಣಿಮನೆಯಲ್ಲಿ ಕುಳಿತು ಕಂಡ ಮಹಾನದಿ ಪದ್ಮಾ ಯಾರಿಗೂ ಬಗ್ಗದ ಮಾನಿನಿ. ಕೋಪಾಯಿಯದಾದರೋ ಗೃಹಸ್ಥರ ನುಡಿಯೇ ಹೊರತು ‘ಸಾಧುಭಾಷೆ’ಯಲ್ಲ, ಅಂದರೆ ಸಂಸ್ಕೃತದ ಭಾರ ಹೊತ್ತ ಗ್ರಾಂಥಿಕ ಬಂಗಾಳಿಯಲ್ಲ. ಆ ನುಡಿಯ ಲಯಕ್ಕೆ ಹೆಜ್ಜೆ ಹಾಕುತ್ತ ಬಿಲ್ಲು ಹಿಡಿದ ಸಂತಾಲ ಹುಡುಗ, ಹುಲ್ಲು ಹೇರಿದ ಎತ್ತಿನ ಗಾಡಿ, ಅಡ್ಡೆಯಲ್ಲಿ ಗಡಿಗೆಗಳನ್ನು ಹೊತ್ತು ಸಂತೆಗೆ ಹೊರಟ ಕುಂಬಾರ, ಅವನ ಬೆನ್ನಿಗೆ ಬಿದ್ದ ಊರ ನಾಯಿ ಕವಿತೆಯೊಳಗೆ ಸಾಗುತ್ತವೆ. ಎಲ್ಲರ ಹಿಂದೆ, ತಿಂಗಳಿಗೆ ಮೂರು ರೂಪಾಯಿ ಸಂಬಳದ ಶಾಲೆಯ ಮೇಷ್ಟರು, ಹರಿದ ಕೊಡೆ ಹಿಡಿದುಕೊಂಡು.