ರೆಂಡರ್ ಕೈಕೊಟ್ಟಾಗ ಹುಡುಕಬೇಕಾದ್ದು ಎಲ್ಲಿ?

ವಿಡಿಯೊ ಎಡಿಟಿಂಗ್‌ಗೆ ಹೊಸದಾಗಿ ಕೈಹಾಕಿದವರಿಗೆ ತೊಂದರೆಗಳು ಕಣ್ಣಿಗೆ ಬೀಳುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ, ಎಕ್ಸ್‌ಪೋರ್ಟ್ ಬಟನ್ ಒತ್ತಿದ ಮೇಲೆ. ರೆಂಡರ್ ಅರ್ಧಕ್ಕೇ ನಿಲ್ಲುತ್ತದೆ, ಮಾತು ತುಟಿಗೆ ಹೊಂದುವುದಿಲ್ಲ, ಟಿ.ವಿ.ಯಲ್ಲಿ ಚಿತ್ರ ಬಂದರೂ ಧ್ವನಿ ಬರುವುದಿಲ್ಲ. ಆಗ ಎಕ್ಸ್‌ಪೋರ್ಟ್ ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೇ ಬದಲಿಸಿ ನೋಡುವುದು ರೂಢಿ. ಇಂಥ ತೊಂದರೆಗಳ ಬಹುಪಾಲು ಹುಟ್ಟುವುದು ಅಲ್ಲಲ್ಲ. ಕ್ಲಿಪ್ ಮೊಬೈಲಿನಲ್ಲಿ ದಾಖಲಾಗುವಾಗಲೋ ಟೈಮ್‌ಲೈನಿಗೆ ಬಿದ್ದ ಮೊದಲ ನಿಮಿಷದಲ್ಲೋ ಆದ ಎಡವಟ್ಟು ಕೊನೆಗೆ ಬಂದು ತಲೆಯೆತ್ತುತ್ತದೆ. ಹಾಗಾಗಿ ಹುಡುಕಾಟ ಶುರುವಾಗಬೇಕಾದ್ದು ಮೂಲ ಫೈಲಿನಿಂದ.

ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಒವಿ, ಎಂಕೆವಿ ಎಂಬುವು ಬರೀ ಡಬ್ಬಿಗಳು. ಒಳಗಿರುವುದು ಅಕ್ಕಿಯೋ ರವೆಯೋ ಎಂಬುದು ಡಬ್ಬಿ ನೋಡಿದರೆ ತಿಳಿಯದು. ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿ ಇಡಲಾಗಿದೆ ಎಂಬುದನ್ನು ನಿರ್ಧರಿಸುವುದು ಕೋಡೆಕ್. ಇಂದು ಹೆಚ್ಚು ಕಾಣಸಿಗುವ ಎಚ್.264 ಕೋಡೆಕ್ 2003ರಲ್ಲಿ ಬಂತು. ಅದಕ್ಕಿಂತ ಚಿಕ್ಕ ಫೈಲಿನಲ್ಲಿ ಅದೇ ಗುಣಮಟ್ಟ ಕೊಡುವ ಎಚ್.265, ಅಂದರೆ ಎಚ್‌ಇವಿಸಿ, 2013ರಲ್ಲಿ, ಎವಿ1 2018ರಲ್ಲಿ. ಒಂದೇ ಎಂಪಿ4 ಡಬ್ಬಿಯಲ್ಲಿ ಈ ಮೂರರಲ್ಲಿ ಯಾವುದೂ ಇರಬಹುದು. ಎಂಒವಿ ಎಂಬುದನ್ನು ಅಳಿಸಿ ಎಂಪಿ4 ಎಂದು ಹೆಸರು ತಿದ್ದಿದ ಮಾತ್ರಕ್ಕೆ ಒಳಗಿನ ಸರಕು ಬದಲಾಗುವುದಿಲ್ಲ.

‘ವಿಎಲ್‌ಸಿಯಲ್ಲಿ ಓಡುತ್ತದೆ, ಎಡಿಟರಿನಲ್ಲಿ ತೆರೆಯುವುದಿಲ್ಲ’ ಎಂಬ ದೂರಿಗೂ ಇಲ್ಲೇ ಉತ್ತರವಿದೆ. ವಿಎಲ್‌ಸಿ ಪ್ಲೇಯರ್ ತನಗೆ ಬೇಕಾದ ಡಿಕೋಡರುಗಳನ್ನು ತಾನೇ ಹೊತ್ತುಕೊಂಡು ಬರುತ್ತದೆ. ಎಡಿಟಿಂಗ್ ತಂತ್ರಾಂಶಗಳು ಪೇಟೆಂಟ್ ಪರವಾನಗಿಗೂ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗೂ ಕಟ್ಟುಬಿದ್ದಿರುತ್ತವೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ಎಚ್.264 ಫೈಲನ್ನು ಸಲೀಸಾಗಿ ತೆರೆದರೆ, ಲಿನಕ್ಸ್‌ನಲ್ಲಿ ಅದೇ ಫೈಲಿನ ಮುಂದೆ ಸುಮ್ಮನಾಗುವುದು ಇದಕ್ಕೇ. ಐಫೋನ್‌ಗಳು 2017ರ ಐಒಎಸ್ 11ರಿಂದ ಎಚ್‌ಇವಿಸಿಯಲ್ಲಿ ದಾಖಲಿಸತೊಡಗಿದವು; ವಿಂಡೋಸ್‌ನ ಕೆಲವು ಕಂಪ್ಯೂಟರುಗಳಲ್ಲಿ ಅದನ್ನು ನೋಡಲು ಬೇರೆಯೇ ಒಂದು ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ಮೀಡಿಯಾಇನ್ಫೊ ಎಂಬ ಪುಟ್ಟ ಉಚಿತ ತಂತ್ರಾಂಶದಲ್ಲಿ ಕ್ಲಿಪ್ಪನ್ನು ತೆರೆದರೆ ಕೋಡೆಕ್, ಫ್ರೇಮ್ ರೇಟ್, ಬಿಟ್‌ರೇಟ್, ಧ್ವನಿಯ ವಿವರ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತವೆ. ಬೇರಾವ ಪ್ರಯೋಗಕ್ಕೂ ಮೊದಲು ಈ ಪುಟ ಓದುವುದು ಲೇಸು.

ಫೈಲ್ ತೆರೆದೂ ಟೈಮ್‌ಲೈನ್ ಮುಗ್ಗರಿಸುತ್ತಿದ್ದರೆ ಕಾರಣ ಬೇರೆ. ಎಚ್.264 ಮತ್ತು ಎಚ್‌ಇವಿಸಿ ಎಲ್ಲ ಫ್ರೇಮ್‌ಗಳನ್ನೂ ಪೂರ್ತಿಯಾಗಿ ಇಡುವುದಿಲ್ಲ. ಆಗೊಂದು ಈಗೊಂದು ಪೂರ್ಣ ಫ್ರೇಮ್, ನಡುವಿನವುಗಳಲ್ಲಿ ಹಿಂದುಮುಂದಿನ ಫ್ರೇಮ್‌ಗಳಿಗಿಂತ ಏನು ಬದಲಾಯಿತು ಎಂಬುದಷ್ಟೇ. ನೋಡುಗನಿಗೆ ಇದರಿಂದ ತೊಂದರೆಯಿಲ್ಲ, ಅವನು ನೋಡುವುದು ಒಂದೇ ದಿಕ್ಕಿನಲ್ಲಿ. ಎಡಿಟ್ ಮಾಡುವವರು ಹಿಂದೆ ಮುಂದೆ ಜಿಗಿದಾಗಲೆಲ್ಲ ಕಂಪ್ಯೂಟರು ಹತ್ತಿರದ ಪೂರ್ಣ ಫ್ರೇಮ್‌ಗೆ ಹೋಗಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ಇದಕ್ಕೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಪ್ರಾಕ್ಸಿ ಮಾಡಿಕೊಂಡರೆ ಸಾಕು: ಅದೇ ಕ್ಲಿಪ್‌ನ ಹಗುರ ಪ್ರತಿಯ ಮೇಲೆ ಕತ್ತರಿ ಆಡಿಸಿದರೂ, ಎಕ್ಸ್‌ಪೋರ್ಟ್ ಹೊತ್ತಿಗೆ ತಂತ್ರಾಂಶ ಮೂಲ ಫೈಲಿಗೆ ಮರಳುತ್ತದೆ. ಉಚಿತವಾಗಿ ಸಿಗುವ ಶಾಟ್‌ಕಟ್, ಕೆಡೆನ್‌ಲೈವ್‌ಗಳಲ್ಲೂ ಈ ಸೌಲಭ್ಯವಿದೆ. ಎಕ್ಸ್‌ಪೋರ್ಟ್ ಮುಗಿಯುವ ತನಕ ಮೂಲ ಫೈಲನ್ನು ಅಳಿಸಬಾರದು, ಬೇರೆ ಫೋಲ್ಡರಿಗೂ ಸಾಗಿಸಬಾರದು. ಪ್ರಾಜೆಕ್ಟ್ ಫೈಲಿನಲ್ಲಿ ಇರುವುದು ವಿಡಿಯೊ ಅಲ್ಲ, ವಿಡಿಯೊ ಎಲ್ಲಿದೆ ಎಂಬ ವಿಳಾಸ. ‘ಮೀಡಿಯಾ ಆಫ್‌ಲೈನ್’ ಎಂಬ ಕೆಂಪು ಪರದೆ ಬರುವುದು ಆ ವಿಳಾಸ ತಪ್ಪಿದಾಗ.

ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಧ್ವನಿ ಜಾರುವ ತೊಂದರೆ. ರಾತ್ರಿಯ ಯಕ್ಷಗಾನವನ್ನು ಮೊಬೈಲಿನಲ್ಲಿ ಎರಡು ಗಂಟೆ ಚಿತ್ರೀಕರಿಸಿದ್ದಾರೆ ಎಂದುಕೊಳ್ಳೋಣ. ಆರಂಭದಲ್ಲಿ ಚೆಂಡೆಯ ಪೆಟ್ಟಿಗೂ ವೇಷಧಾರಿಯ ಹೆಜ್ಜೆಗೂ ಸರಿಯಾಗಿ ತಾಳೆಯಾಗುತ್ತದೆ. ಎಡಿಟ್ ಆಗಿ ಬಂದ ಫೈಲಿನಲ್ಲಿ ಪ್ರಸಂಗ ಮುಂದುವರಿದಂತೆ ಪೆಟ್ಟು ಮೊದಲು, ಹೆಜ್ಜೆ ಆಮೇಲೆ. ಮೊಬೈಲು ಬೆಳಕು ಕಡಿಮೆಯಾದಾಗ ಅಥವಾ ಬಿಸಿಯಾದಾಗ ಸೆಕೆಂಡಿಗೆ ಹಿಡಿಯುವ ಫ್ರೇಮ್‌ಗಳ ಸಂಖ್ಯೆಯನ್ನು ತಾನೇ ಏರಿಳಿಸುತ್ತದೆ. ಇದು ವೇರಿಯಬಲ್ ಫ್ರೇಮ್ ರೇಟ್. ಧ್ವನಿ ಮಾತ್ರ ಒಂದೇ ವೇಗದಲ್ಲಿ ದಾಖಲಾಗುತ್ತಾ ಹೋಗುತ್ತದೆ. ಎಲ್ಲ ಫ್ರೇಮ್‌ಗಳೂ ಸಮಾನ ಅಂತರದಲ್ಲಿವೆ ಎಂದು ನಂಬುವ ಎಡಿಟರು ಅಲ್ಲಿ ಲೆಕ್ಕ ತಪ್ಪುತ್ತದೆ. ತಪ್ಪು ದೊಡ್ಡದಾಗಿರಬೇಕೆಂದೇನೂ ಇಲ್ಲ: 29.97 ಫ್ರೇಮ್‌ಗಳ ವಿಡಿಯೊವನ್ನು ಪೂರ್ತಿ 30 ಎಂದು ಎಣಿಸಿಕೊಂಡರೂ ಗಂಟೆಗೆ 3.6 ಸೆಕೆಂಡು ವ್ಯತ್ಯಾಸ ಬರುತ್ತದೆ. ಧ್ವನಿಯನ್ನು ಅಲ್ಲಲ್ಲಿ ಕತ್ತರಿಸಿ ಜರುಗಿಸುವುದು ಮುಗಿಯದ ಕೆಲಸ. ಎಡಿಟಿಂಗ್ ಶುರು ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆರಿಸಿ ಕ್ಲಿಪ್ಪನ್ನು ಪರಿವರ್ತಿಸಿಕೊಂಡರೆ ರೋಗ ಬುಡದಲ್ಲೇ ವಾಸಿಯಾಗುತ್ತದೆ.

ಟೈಮ್‌ಲೈನಿನ ಫ್ರೇಮ್ ರೇಟನ್ನೂ ಆಗಲೇ ಗೊತ್ತುಮಾಡಿಕೊಳ್ಳಬೇಕು. ರಿಸಾಲ್ವ್‌ನಲ್ಲಂತೂ ಟೈಮ್‌ಲೈನಿಗೆ ಕ್ಲಿಪ್ ಬಿದ್ದ ಮೇಲೆ ಅದನ್ನು ಬದಲಿಸಲಾಗದು. ಕೆಲವು ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡುವುದು ಮಾತ್ರ ಎಡಿಟಿಂಗ್‌ಗೆ ಸೇರಿದ್ದಲ್ಲ. ಭಾರತದ ವಿದ್ಯುತ್ತು 50 ಹರ್ಟ್ಸ್‌ನದು, ಅದರಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ 1/50 ಅಥವಾ 1/100 ಇದ್ದರೆ ಪಟ್ಟೆ ಸಾಮಾನ್ಯವಾಗಿ ಬರುವುದಿಲ್ಲ. ಬಂದ ಮೇಲೆ ತೆಗೆಯುವುದು ಕಷ್ಟ.

ಬಣ್ಣ ಕೆಟ್ಟಿತು ಎನ್ನುವಾಗ ಎರಡು ಅನುಮಾನಗಳು ಸಾಕು. 2020ರ ಐಫೋನ್ 12ರಿಂದೀಚೆಗೆ ಹಲವು ಫೋನುಗಳು ಎಚ್‌ಡಿಆರ್‌ನಲ್ಲಿ, ಅಂದರೆ ಬೆಳಕು-ಬಣ್ಣಗಳ ಹೆಚ್ಚಿನ ವ್ಯಾಪ್ತಿಯಲ್ಲಿ, ದಾಖಲಿಸುತ್ತವೆ. ಅದನ್ನು ಹಾಗೆಯೇ ಸಾಮಾನ್ಯ ಟೈಮ್‌ಲೈನಿಗೆ ಹಾಕಿದರೆ ಮುಖಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಫೋನಿನಲ್ಲಿ ಎಚ್‌ಡಿಆರ್ ಆಫ್ ಮಾಡುವುದು ಅಥವಾ ಟೈಮ್‌ಲೈನಿನಲ್ಲಿ ಬಣ್ಣದ ವ್ಯಾಪ್ತಿಯನ್ನು ಪರಿವರ್ತಿಸುವುದು ದಾರಿ. ಕಪ್ಪು ಬೂದು ಬಣ್ಣವಾಗಿ ಕಂಡರೆ ಎರಡನೆಯ ಅನುಮಾನ: ವಿಡಿಯೊದಲ್ಲಿ ಕಪ್ಪು-ಬಿಳಿಯನ್ನು 16ರಿಂದ 235ರವರೆಗೆ ಎಣಿಸುವ ಪದ್ಧತಿಯೂ 0ಯಿಂದ 255ರವರೆಗೆ ಎಣಿಸುವ ಪದ್ಧತಿಯೂ ಇವೆ, ಫೈಲು ಒಂದರಲ್ಲಿದ್ದು ಓದುವ ತಂತ್ರಾಂಶ ಇನ್ನೊಂದು ಎಂದುಕೊಂಡಿರುತ್ತದೆ.

ಕನ್ನಡದಲ್ಲಿ ಟೈಟಲ್ ಹಾಕುವವರಿಗೆ ಮತ್ತೊಂದು ಕಾಟವಿದೆ. ‘ಕ್ಷೇತ್ರ’ ಎಂದು ಟೈಪಿಸಿದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಂತು, ‘ಕ್‌ಷೇತ್‌ರ’ದಂತೆ ಕಾಣುತ್ತದೆ. ಫಾಂಟ್ ಬದಲಿಸಿದರೂ ಪ್ರಯೋಜನವಾಗದಿದ್ದರೆ ದೋಷ ಅಕ್ಷರ ಜೋಡಿಸುವ ಎಂಜಿನ್ನಿನದು. ಪ್ರೀಮಿಯರ್ ಎಡಿಟಿಂಗ್ ತಂತ್ರಾಂಶದ ಗ್ರಾಫಿಕ್ಸ್ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಚಾಲೂ ಮಾಡಬೇಕು. ಅಂಥ ಆಯ್ಕೆ ಇಲ್ಲದ ಕಡೆ ಇಂಕ್‌ಸ್ಕೇಪ್‌ನಂಥ ಚಿತ್ರ ಬರೆಯುವ ತಂತ್ರಾಂಶದಲ್ಲಿ ಟೈಟಲ್ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸುವುದು ಹಳೆಯ ಆದರೆ ನಂಬಿಕೆಯ ಉಪಾಯ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪಠ್ಯವನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲು ಯುಟಿಎಫ್-8ರಲ್ಲಿ ಉಳಿಸಿರಬೇಕು, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ಇನ್ನು ನಿಂತುಹೋಗುವ ರೆಂಡರ್. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತದೆಯೋ, ಸಲಕ್ಕೊಂದು ಜಾಗದಲ್ಲೋ? ಒಂದೇ ಜಾಗವಾದರೆ ಅಲ್ಲಿರುವ ಕ್ಲಿಪ್, ಟ್ರಾನ್ಸಿಷನ್ ಅಥವಾ ಎಫೆಕ್ಟ್ ಕೆಟ್ಟಿದೆ. ಟೈಮ್‌ಲೈನನ್ನು ಎರಡು ಭಾಗ ಮಾಡಿ ಬೇರೆಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿದರೆ ದೋಷ ಯಾವ ಅರ್ಧದಲ್ಲಿದೆ ಎಂದು ತಿಳಿಯುತ್ತದೆ. ಆ ಅರ್ಧವನ್ನು ಮತ್ತೆ ಎರಡು ಮಾಡುತ್ತ ಹೋದರೆ ಬೇಗನೆ ಸಿಕ್ಕಿಬೀಳುತ್ತದೆ. ಸಲಕ್ಕೊಂದು ಜಾಗದಲ್ಲಿ ನಿಂತರೆ ಯಂತ್ರದ ಕಡೆ ನೋಡಬೇಕು: ಡಿಸ್ಕ್‌ನಲ್ಲಿ ಜಾಗವಿದೆಯೇ, ಲ್ಯಾಪ್‌ಟಾಪ್ ಹಾಸಿಗೆಯ ಮೇಲೆ ಕೂತು ಬಿಸಿಯಾಗುತ್ತಿದೆಯೇ, ಗ್ರಾಫಿಕ್ಸ್ ಕಾರ್ಡ್‌ನ ಡ್ರೈವರ್ ಹಳೆಯದಾಗಿದೆಯೇ. ಹಾರ್ಡ್‌ವೇರ್ ಎನ್‌ಕೋಡಿಂಗ್ ತೆಗೆದು ಸಾಫ್ಟ್‌ವೇರ್ ಎನ್‌ಕೋಡಿಂಗ್ ಆರಿಸಿದರೆ ಹೊತ್ತು ಹಿಡಿಯುತ್ತದೆ, ಆದರೆ ಎಷ್ಟೋ ಸಲ ಮುಗಿಯುತ್ತದೆ. ಉದ್ದಗಲಗಳಲ್ಲಿ ಬೆಸ ಸಂಖ್ಯೆ ಇದ್ದರೂ ಎಚ್.264 ಎನ್‌ಕೋಡರ್ ಹಟ ಹಿಡಿಯುವುದುಂಟು: ಸಾಮಾನ್ಯ ವಿಡಿಯೊದಲ್ಲಿ ಬಣ್ಣದ ಮಾಹಿತಿಯನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳು ಹಂಚಿಕೊಳ್ಳುವುದರಿಂದ ಎರಡೂ ಸಮ ಸಂಖ್ಯೆಗಳಾಗಿರಬೇಕು. ಯಾವುದೂ ಫಲಿಸದಿದ್ದಾಗ ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ನಂಥ ಭಾರದ ಫಾರ್ಮ್ಯಾಟಿಗೆ ರೆಂಡರ್ ಮಾಡಿಕೊಂಡು, ಆ ಫೈಲನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಕುಗ್ಗಿಸಬಹುದು.

ನಡುವೆ ಕರೆಂಟ್ ಹೋಗಿ ರೆಂಡರ್ ನಿಂತ ಎಂಪಿ4 ತೆರೆಯದಿರುವುದು ಸಹಜ. ಆ ಫಾರ್ಮ್ಯಾಟಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ಕಂಪ್ಯೂಟರ್ ಪರದೆಯನ್ನು ದಾಖಲಿಸುವವರು ಎಂಕೆವಿಯಲ್ಲಿ ಹಿಡಿದು ಆಮೇಲೆ ಎಂಪಿ4ಗೆ ಬದಲಿಸಿಕೊಳ್ಳುವುದು ಈ ಭಯದಿಂದಲೇ.

ಎಕ್ಸ್‌ಪೋರ್ಟ್ ಆಯ್ಕೆಗಳಲ್ಲಿ ಗಾತ್ರವನ್ನೂ ಗುಣಮಟ್ಟವನ್ನೂ ಹೆಚ್ಚಾಗಿ ನಿರ್ಧರಿಸುವುದು ಬಿಟ್‌ರೇಟ್. ಲೆಕ್ಕ ಸುಲಭ: ಸೆಕೆಂಡಿಗೆ 8 ಮೆಗಾಬಿಟ್ ಎಂದರೆ 1 ಮೆಗಾಬೈಟ್, ಗಂಟೆಗೆ 3.6 ಜಿಬಿ. 1080 ಪಿಕ್ಸೆಲ್ ಎತ್ತರದ, 30 ಫ್ರೇಮ್‌ಗಳ ವಿಡಿಯೊಗೆ ಯೂಟ್ಯೂಬ್ ಸೂಚಿಸುವ ಪ್ರಮಾಣ ಇದೇ. 60 ಫ್ರೇಮ್‌ಗಳಿಗೆ 12 ಮೆಗಾಬಿಟ್. ಮೂಲ ಕ್ಲಿಪ್‌ನದಕ್ಕಿಂತ ಬಹಳ ಹೆಚ್ಚು ಬಿಟ್‌ರೇಟ್ ಕೊಟ್ಟರೆ ಫೈಲು ಊದಿಕೊಳ್ಳುತ್ತದೆ, ಚಿತ್ರ ಮೂಲಕ್ಕಿಂತ ಸ್ಪಷ್ಟವಾಗುವುದಿಲ್ಲ. ಗಂಟೆಯ ವಿಡಿಯೊವನ್ನು 10 ಮೆಗಾಬಿಟ್‌ನಲ್ಲಿ ಮಾಡಿದರೆ 4.5 ಜಿಬಿ ಆಗುತ್ತದೆ, ಮತ್ತು ಕೆಲವು ಪೆನ್‌ಡ್ರೈವ್‌ಗಳಿಗೆ ಕಾಪಿ ಆಗುವುದಿಲ್ಲ. ಪೆನ್‌ಡ್ರೈವಿನಲ್ಲಿ 32 ಜಿಬಿ ಖಾಲಿಯಿದ್ದರೂ ಅದು ಫ್ಯಾಟ್32 ಪದ್ಧತಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲು ಅದರಲ್ಲಿ ಹಿಡಿಸದು. ಒಳಗಿದ್ದುದನ್ನು ಬೇರೆಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆಯಿತು, ಟಿ.ವಿ. ಅದನ್ನು ಓದುತ್ತದೆಯೇ ಎಂದು ನೋಡಿಕೊಳ್ಳಬೇಕಷ್ಟೆ.

ಟಿ.ವಿ.ಯಲ್ಲಿ ಚಿತ್ರವಿದ್ದು ಧ್ವನಿಯಿಲ್ಲದಿದ್ದರೆ ಧ್ವನಿಯ ಕೋಡೆಕ್ ಅದಕ್ಕೆ ಗೊತ್ತಿಲ್ಲ ಎಂದರ್ಥ. ಎಂಪಿ4, ಎಚ್.264, 48 ಕಿಲೋಹರ್ಟ್ಸ್‌ನ ಎಎಸಿ ಧ್ವನಿ: ಹಳೆಯ ಟಿ.ವಿ.ಯಿಂದ ಹೊಸ ಫೋನಿನವರೆಗೆ ಹೆಚ್ಚು ಕಡೆ ಓಡುವ ಜೋಡಣೆ ಇದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಮಂಜಾಗಿ ಕಾಣುವುದು ರೆಂಡರಿನ ದೋಷವಲ್ಲ, ಆ್ಯಪ್ ಅದನ್ನು ಮತ್ತೊಮ್ಮೆ ಕುಗ್ಗಿಸಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ. ಯೂಟ್ಯೂಬ್‌ಗೆ ಆಗಷ್ಟೇ ಏರಿಸಿದ ವಿಡಿಯೊ ಮಸುಕಾಗಿದ್ದರೂ ಅಳಿಸಿ ಮತ್ತೆ ಏರಿಸಬೇಕಿಲ್ಲ. ಅಲ್ಲಿ ಕಡಿಮೆ ಗುಣಮಟ್ಟದ ಪ್ರತಿ ಮೊದಲು ಸಿದ್ಧವಾಗುತ್ತದೆ, ಎಚ್‌ಡಿ ಮತ್ತು 4ಕೆ ಪ್ರತಿಗಳು ಸ್ವಲ್ಪ ಹೊತ್ತಿನ ನಂತರ ಬರುತ್ತವೆ.