ನಾಲಿಗೆಯ ವಿಶ್ವಾಸ, ಹೃದಯದ ವಿಶ್ವಾಸ

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿಗೆ ವಿಶ್ವಾಸ ಪ್ರಮಾಣ, ಹತ್ತು ಕಟ್ಟಳೆಗಳು, ಜಪಸರದ ರಹಸ್ಯಗಳು ಎಲ್ಲವೂ ಕಂಠಪಾಠ. ಒಂದಕ್ಷರವೂ ತಪ್ಪದು. ಆದರೆ ಕಾಫಿ ತೋಟದ ಬೇಲಿಯೊಂದರ ಕಾರಣ ಒಡಹುಟ್ಟಿದ ತಮ್ಮನೊಡನೆ ಮಾತು ಬಿಟ್ಟು ಹನ್ನೊಂದು ವರುಷಗಳಾಗಿದ್ದವು. ಬಲಿಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವ ವೇಳೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಕೈಮುಗಿಯುತ್ತಿದ್ದರು. ಇದನ್ನು ಕಂಡ ಯುವಕನೊಬ್ಬ ನಮ್ಮನ್ನು ಕೇಳಿದ: “ಫಾದರ್, ಧರ್ಮೋಪದೇಶ ಕಲಿತು ಫಲವೇನು? ಒಳ್ಳೆಯ ಹೃದಯವಿದ್ದರೆ ಸಾಲದೇ?”

ಪ್ರಶ್ನೆ ಹಗುರವಾದುದಲ್ಲ. ನಮ್ಮ ನಾಡಿನ ಚರಿತ್ರೆಯೇ ಅದನ್ನು ಕೇಳಿದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು. ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ಆಶ್ರಯವಿತ್ತರು; ವೀರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲ 1792ರ ಆ ಆಶ್ರಯದಲ್ಲಿದೆ. ಸೆರೆಯಲ್ಲುಳಿದವರಲ್ಲಿ ಅನೇಕರು ಬಲಾತ್ಕಾರದ ಮತಾಂತರಕ್ಕೊಳಗಾದರೂ 1799ರ ಬಳಿಕ ಧರ್ಮಸಭೆಗೆ ಮರಳಿದರು. ಬಲವಂತವು ಹೃದಯವನ್ನು ಮುಟ್ಟಿರಲಿಲ್ಲ.

ಚದುರಿದ ಆ ಮಂದೆಯನ್ನು ಒಗ್ಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದವರು ಫ್ರೆಂಚ್ ಗುರು ಅಬ್ಬೆ ದುಬಾಯ್. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಶ್ರಮಿಸಿದವರೂ ಅವರೇ. ಅವರು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಒಂದು ಕಹಿ ಸತ್ಯವನ್ನು ನಾಚಿಕೆಯಿಂದ ಒಪ್ಪಿಕೊಂಡರು: ಇಪ್ಪತ್ತೈದು ವರ್ಷಗಳಲ್ಲಿ ತಾವು ವಿಶ್ವಾಸಕ್ಕೆ ತಂದ ಇನ್ನೂರು ಮುನ್ನೂರು ಮಂದಿಯಲ್ಲಿ ಮನವರಿತು ಬಂದವರೊಬ್ಬರೂ ನೆನಪಿಗೆ ಬಾರರು ಎಂದು. ಬಲವಂತವಷ್ಟೇ ಅಲ್ಲ, ಪಾಠವೂ ದೀಕ್ಷಾಸ್ನಾನದ ನೀರೂ ಹೃದಯದ ಹೊಸ್ತಿಲಲ್ಲೇ ನಿಂತುಬಿಡಬಹುದು.

ಹಾಗಾದರೆ ಬೋಧನೆ ಬೇಡವೇ? ಅವಸರದ ತೀರ್ಮಾನ ಬೇಡ. ಅಂತಿಮ ತೀರ್ಪಿನ ದಿನ ಪ್ರಭು ಕೇಳುವುದು ಹಸಿದವನಿಗೆ ಅನ್ನವಿತ್ತೆಯಾ ಎಂಬುದನ್ನೇ ಹೊರತು ಬಾಯಿಪಾಠವನ್ನಲ್ಲ, ನಿಜ. ಆದರೆ ಆ ಹಸಿದವನಲ್ಲಿ ಕ್ರಿಸ್ತರಿದ್ದಾರೆಂದು ನಮಗೆ ತಿಳಿಸಿದವರಾರು? ಬೋಧನೆಯೇ. ದೇವರು ನಿಜವಾಗಿಯೂ ಮನುಷ್ಯರಾದರೆಂದು 325ರಲ್ಲಿ ನೈಸೀಯದ ಮಹಾಸಭೆ ಪಟ್ಟು ಹಿಡಿದು ಸಾರದಿದ್ದರೆ, ಬಡವನ ಮುಖದಲ್ಲಿ ದೇವರನ್ನು ಕಾಣುವ ಮಾತು ಬರಿಯ ಕವಿಸಮಯವಾಗುತ್ತಿತ್ತು. ಬೋಧನೆಯಿಲ್ಲದ ಹೃದಯ ತನಗೆ ಪ್ರಿಯರಾದವರನ್ನಷ್ಟೇ ಪ್ರೀತಿಸಿ ತೃಪ್ತಿಪಡುತ್ತದೆ; ವೈರಿಯನ್ನೂ ಪ್ರೀತಿಸೆಂದು ಅದಕ್ಕೆ ಹೇಳುವವರಿಲ್ಲ.

ಆದರೂ ಹಾದಿ ಬೇರೆ, ಊರು ಬೇರೆ. ಬೋಧನೆ ಹಾದಿ, ಪರಿವರ್ತಿತ ಹೃದಯವೇ ಸೇರಬೇಕಾದ ಊರು. ಹಾದಿಯ ಗುರುತೆಲ್ಲ ಬಲ್ಲವನು ಹೆಜ್ಜೆಯನ್ನೇ ಇಡದಿದ್ದರೆ ಊರು ಸೇರುವನೇ? ದೆವ್ವಗಳೂ ದೇವರೊಬ್ಬನೆಂದು ನಂಬಿ ನಡುಗುತ್ತವೆಂದು ಸಂತ ಯಾಕೋಬರು ಎಚ್ಚರಿಸಿದ್ದು ಇದಕ್ಕೇ. ವಿಶ್ವಾಸ ಪ್ರಮಾಣದ ಲತೀನ್ ಮೊದಲ ಪದ ‘ಕ್ರೇದೊ’; ಅದರ ಬೇರಿನ ಅರ್ಥ ಹೃದಯವನ್ನಿಡುವುದು. ‘ವಿಶ್ವಾಸಿಸುತ್ತೇನೆ’ ಎನ್ನುವಾಗ ನಾವು ಒಪ್ಪುವುದು ಮಾತನ್ನಷ್ಟೇ ಅಲ್ಲ, ಒಪ್ಪಿಸುವುದು ಹೃದಯವನ್ನು.

ಆ ಹಿರಿಯರ ತಮ್ಮ ಕಾಫಿ ಕೊಯ್ಲಿನ ಕಾಲದಲ್ಲೇ ಕಾಯಿಲೆ ಬಿದ್ದರು. ಹಣ್ಣು ಉದುರತೊಡಗಿದಾಗ ಅಣ್ಣ ಯಾರಿಗೂ ಹೇಳದೆ ತಮ್ಮ ಆಳುಗಳನ್ನು ಬೇಲಿಯಾಚೆ ಕಳುಹಿಸಿ ಕೊಯ್ಲು ಮುಗಿಸಿದರು. ಬೇಲಿ ಈಗಲೂ ಅಲ್ಲೇ ಇದೆ. ಆದರೆ ದಾಟಲು ಒಂದು ತಡಮೆಯಾಗಿದೆ.

ಪ್ರಿಯ ಕುಟುಂಬಗಳೇ, ಬರುವ ಭಾನುವಾರ ವಿಶ್ವಾಸ ಪ್ರಮಾಣಕ್ಕೆ ಎದ್ದು ನಿಲ್ಲುವಾಗ ನಮ್ಮ ಬೇಲಿಗಳನ್ನೂ ಒಮ್ಮೆ ನೆನೆಯೋಣ.